ಅಗ್ಗದ ಪವರ್ ಬ್ಯಾಂಕ್: ಪರೀಕ್ಷಿಸಿ ಕೊಳ್ಳಿ, ಬಿಚ್ಚಿ ತಿಳಿಯಿರಿ

ಬೀಜದ ಚೀಲದ ಮೇಲೆ ಮೊಳಕೆಯ ಪ್ರಮಾಣ ಎಷ್ಟೇ ಅಚ್ಚಾಗಿರಲಿ, ಅನುಭವಸ್ಥ ರೈತರು ನೂರು ಕಾಳುಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟು, ಮೊಳೆತವನ್ನು ಎಣಿಸಿ, ಅನಂತರವೇ ಬಿತ್ತನೆಗೆ ಇಳಿಯುತ್ತಾರೆ. ಕೊಳವೆ ಬಾವಿ ಕೊರೆಸಿದವರು ನೀರು ಎಷ್ಟು ಇಂಚು ಬರುತ್ತದೆಂದು ಅಳೆಸಿದ ಮೇಲೆ ಪಂಪಿನ ಅಶ್ವಶಕ್ತಿಯನ್ನು ಗೊತ್ತುಮಾಡುತ್ತಾರೆ. ಆದರೆ ಸಂತೆ, ಜಾತ್ರೆ, ಬಸ್ ನಿಲ್ದಾಣಗಳಲ್ಲಿ ಅಗ್ಗದ ಬೆಲೆಗೆ ದೊರೆಯುವ ಪವರ್ ಬ್ಯಾಂಕನ್ನು ಕೊಳ್ಳುವಾಗ ಮಾತ್ರ ಅದರ ಮೈಮೇಲೆ ಅಚ್ಚಾದ ದೊಡ್ಡ ಅಂಕಿಯನ್ನೇ ನಂಬುವುದು ರೂಢಿಯಾಗಿದೆ. ಈ ಅಂಕಿಯನ್ನು ಮನೆಯಲ್ಲೇ ಪರೀಕ್ಷಿಸಬಹುದು. ಅದಕ್ಕೆ ಬೇಕಾದುದು ಒಂದು ಗಡಿಯಾರ, ಒಂದು ತಕ್ಕಡಿ ಮತ್ತು ಸ್ವಲ್ಪ ತಾಳ್ಮೆ. ಆ ವಿಧಾನವನ್ನೂ, ಕೆಟ್ಟುಹೋದ ಪವರ್ ಬ್ಯಾಂಕನ್ನು ಬಿಚ್ಚಿ ನೋಡಿದರೆ ಒಳಗೆ ಏನೇನು ಕಾಣುತ್ತದೆ ಎಂಬುದನ್ನೂ ಈ ಲೇಖನದಲ್ಲಿ ವಿವರಿಸಲಾಗಿದೆ.

ರೈತರಿಗೆ ಇದರ ಅವಶ್ಯಕತೆ

ಇಂದು ಮೊಬೈಲ್ ಫೋನು ಬೇಸಾಯದ ಸಲಕರಣೆಗಳಲ್ಲಿ ಒಂದಾಗಿದೆ. ಪಂಪ್‌ಸೆಟ್ಟಿನ ಮೊಬೈಲ್ ಸ್ಟಾರ್ಟರಿಗೆ ಕರೆ ಮಾಡಿ ಮೋಟಾರು ಚಾಲೂ ಮಾಡಲು, ಮಾರುಕಟ್ಟೆಯ ಧಾರಣೆ ತಿಳಿಯಲು, ಬೆಳೆ ಸಮೀಕ್ಷೆಗಾಗಿ ಹೊಲದ ಚಿತ್ರ ತೆಗೆದು ಕಳುಹಿಸಲು, ಬ್ಯಾಂಕಿನ ಒಟಿಪಿ ಪಡೆಯಲು, ದಾಮಿನಿ ಆ್ಯಪಿನಲ್ಲಿ ಸಿಡಿಲಿನ ಎಚ್ಚರಿಕೆ ನೋಡಲು ಫೋನು ಬೇಕು. ಗಾಳಿ ಮಳೆಗೆ ಮರ ಬಿದ್ದು ತಂತಿ ಹರಿದ ದಿನಗಳಲ್ಲಿ ಮನೆಯಲ್ಲಿ ಕರೆಂಟು ಇರುವುದಿಲ್ಲ. ತೋಟದ ಮನೆಯಲ್ಲಿ ರಾತ್ರಿ ಕಾವಲಿರುವವರಿಗೂ, ಕುರಿ ಮೇಯಿಸಲು ದೂರ ಹೋಗುವವರಿಗೂ ಇದೇ ಕಷ್ಟ. ಹಾವು ಕಡಿದಾಗ, ಹೆರಿಗೆಯ ಸಮಯದಲ್ಲಿ 108ಕ್ಕೆ ಕರೆ ಮಾಡಬೇಕಾದ ಗಳಿಗೆಯಲ್ಲಿ ಫೋನು ಆರಿಹೋಗಿದ್ದರೆ ಆಗುವ ನಷ್ಟವನ್ನು ರೂಪಾಯಿಯಲ್ಲಿ ಲೆಕ್ಕ ಹಾಕಲು ಬಾರದು. ಆದುದರಿಂದ ಪವರ್ ಬ್ಯಾಂಕು ಹೇಳಿದಷ್ಟು ಶಕ್ತಿಯನ್ನು ನಿಜವಾಗಿ ಕೊಡುತ್ತದೆಯೇ ಎಂಬುದನ್ನು ಮುಂಚಿತವಾಗಿ ತಿಳಿದಿರುವುದು ಅವಶ್ಯಕ.

ಪವರ್ ಬ್ಯಾಂಕ್ ಎಂದರೇನು?

ಪವರ್ ಬ್ಯಾಂಕಿನಲ್ಲಿ ಮುಖ್ಯವಾಗಿ ಎರಡು ಭಾಗಗಳಿವೆ. ಒಂದು, ಶಕ್ತಿಯನ್ನು ಕೂಡಿಡುವ ಲಿಥಿಯಂ-ಅಯಾನ್ ಕೋಶ, ಅಂದರೆ ಸೆಲ್ಲು. ಇನ್ನೊಂದು, ಆ ಕೋಶವನ್ನು ತುಂಬಿಸುವ, ಕಾಯುವ ಮತ್ತು ಅದರಿಂದ ಶಕ್ತಿಯನ್ನು ಹೊರಗೆ ಕಳುಹಿಸುವ ಸರ್ಕೀಟ್ ಫಲಕ. ಲಿಥಿಯಂ-ಅಯಾನ್ ಕೋಶಗಳು 1991ರಲ್ಲಿ ಜಪಾನಿನ ಸೋನಿ ಕಂಪನಿಯಿಂದ ಮೊದಲು ಮಾರಾಟಕ್ಕೆ ಬಂದವು. ಇವುಗಳ ಬೆಳವಣಿಗೆಗೆ ದುಡಿದ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಮತ್ತು ಅಕಿರಾ ಯೋಶಿನೊ ಅವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು.

ಈ ಕೋಶದ ಸರಾಸರಿ ವೋಲ್ಟೇಜು ಸುಮಾರು 3.7 ವೋಲ್ಟ್. ಪೂರ್ತಿ ತುಂಬಿದಾಗ 4.2 ವೋಲ್ಟ್ ಇರುತ್ತದೆ. ಖಾಲಿಯಾಗುತ್ತ ಬಂದಂತೆ 3 ವೋಲ್ಟಿನ ಸಮೀಪಕ್ಕೆ ಇಳಿಯುತ್ತದೆ. ಫೋನಿಗೆ ಕೇಬಲ್ಲಿನ ಮೂಲಕ ಹೋಗಬೇಕಾದುದು ಸಾಮಾನ್ಯವಾಗಿ 5 ವೋಲ್ಟ್. ಆದ್ದರಿಂದ ಫಲಕದಲ್ಲಿರುವ ಒಂದು ಸಣ್ಣ ತಂತಿ ಸುರುಳಿ ಮತ್ತು ಅದರ ಜೊತೆಯ ಬಿಡಿಭಾಗಗಳು 3.7 ವೋಲ್ಟನ್ನು 5 ವೋಲ್ಟಿಗೆ ಏರಿಸುತ್ತವೆ. ಹೀಗೆ ಏರಿಸುವಾಗ ಸ್ವಲ್ಪ ಶಕ್ತಿ ಬಿಸಿಯಾಗಿ ಪೋಲಾಗುತ್ತದೆ. ಪವರ್ ಬ್ಯಾಂಕು ಕೆಲಸ ಮಾಡುವಾಗ ಬೆಚ್ಚಗಾಗುವುದು ಇದೇ ಕಾರಣದಿಂದ.

ಹೊದಿಕೆಯ ಮೇಲಿನ ಅಂಕಿಯ ಅರ್ಥ

ಪವರ್ ಬ್ಯಾಂಕಿನ ಮೇಲೆ 5,000, 10,000 ಅಥವಾ 20,000 ಎಂಬ ಅಂಕಿಯ ಮುಂದೆ ಇಂಗ್ಲಿಷಿನ ಎಂ, ಎ, ಎಚ್ ಅಕ್ಷರಗಳಿರುತ್ತವೆ. ಇದು ಮಿಲಿ ಆಂಪಿಯರ್ ಗಂಟೆ ಎಂಬ ಅಳತೆ. ಈ ಅಂಕಿಯನ್ನು ಒಳಗಿನ ಕೋಶದ 3.7 ವೋಲ್ಟಿನ ಲೆಕ್ಕದಲ್ಲಿ ಹೇಳಿರುತ್ತಾರೆ. ಫೋನಿಗೆ ಹೋಗುವ 5 ವೋಲ್ಟಿನ ಲೆಕ್ಕದಲ್ಲಿ ಅದು ಕಡಿಮೆಯಾಗುತ್ತದೆ. ಪ್ರಾಮಾಣಿಕವಾಗಿ ತಯಾರಿಸಿದ ಪವರ್ ಬ್ಯಾಂಕಿನಲ್ಲಿಯೂ ಹೀಗೆಯೇ ಆಗುತ್ತದೆ.

ಇದನ್ನು ಕಣದ ರಾಶಿಯ ಉದಾಹರಣೆಯಿಂದ ತಿಳಿಯಬಹುದು. ಒಂದೇ ರಾಶಿಯನ್ನು ಚಿಕ್ಕ ಸೇರಿನಿಂದ ಅಳೆದರೆ ಹೆಚ್ಚು ಸೇರು, ದೊಡ್ಡ ಸೇರಿನಿಂದ ಅಳೆದರೆ ಕಡಿಮೆ ಸೇರು ಬರುತ್ತದೆ. ಕಾಳು ಮಾತ್ರ ಅಷ್ಟೇ ಇರುತ್ತದೆ. ಇಲ್ಲಿ ಕಾಳಿನ ತೂಕದಂತೆ ಬದಲಾಗದೆ ಇರುವ ಅಳತೆ ಎಂದರೆ ವ್ಯಾಟ್-ಗಂಟೆ. ಮಿಲಿ ಆಂಪಿಯರ್ ಗಂಟೆಯನ್ನು ವೋಲ್ಟಿನಿಂದ ಗುಣಿಸಿ 1,000ದಿಂದ ಭಾಗಿಸಿದರೆ ವ್ಯಾಟ್-ಗಂಟೆ ದೊರೆಯುತ್ತದೆ. 10,000ದ ಪವರ್ ಬ್ಯಾಂಕಿನ ಲೆಕ್ಕ ಹೀಗಿದೆ: 10,000 × 3.7 ÷ 1,000 = 37 ವ್ಯಾಟ್-ಗಂಟೆ. ಇದನ್ನೇ 5 ವೋಲ್ಟಿನ ದೊಡ್ಡ ಸೇರಿನಿಂದ ಅಳೆದರೆ 7,400 ಬರುತ್ತದೆ. ರಾಶಿ ಸಾಗಿಸುವಾಗ ಚೆಲ್ಲುವ ಕಾಳಿನಂತೆ, ಫಲಕದಲ್ಲಿ ಪೋಲಾಗುವ ಶಕ್ತಿಯನ್ನೂ ಕಳೆದರೆ ಹೊರಗೆ ದೊರೆಯುವುದು ಸುಮಾರು 6,000ದಿಂದ 6,600.

ಆದ್ದರಿಂದ ನೆನಪಿಡಬೇಕಾದ ಸೂತ್ರ ಇಷ್ಟೇ: ಹೊದಿಕೆಯ ಮೇಲಿನ ಅಂಕಿಯ ಹತ್ತರಲ್ಲಿ ಆರು ಪಾಲು 5 ವೋಲ್ಟಿನಲ್ಲಿ ಹೊರಗೆ ಬಂದರೆ ಪವರ್ ಬ್ಯಾಂಕು ಸರಿಯಾಗಿದೆ. ಹಲವು ತಯಾರಕರು ಈ ಎರಡನೆಯ ಅಂಕಿಯನ್ನು ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚು ಹಾಕಿರುತ್ತಾರೆ. ಅಂತಹ ಅಚ್ಚು ಇದೆಯೇ ಎಂದು ಕೊಳ್ಳುವಾಗಲೇ ನೋಡುವುದು ಒಳ್ಳೆಯದು.

ಕೊಳ್ಳುವ ಮುನ್ನ ಗಮನಿಸಬೇಕಾದ ಅಂಶಗಳು

1. ಗಾತ್ರ: ಲಿಪ್‌ಸ್ಟಿಕ್ ಡಬ್ಬಿಯಂತೆ ಉದ್ದಗೆ ಗುಂಡಗಿರುವ ಪವರ್ ಬ್ಯಾಂಕಿನಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ಕೋಶ. ಈ ಕೋಶಕ್ಕೆ 18650 ಎಂದು ಹೆಸರು. ಅಡ್ಡಳತೆ 18 ಮಿಲಿಮೀಟರ್, ಉದ್ದ 65 ಮಿಲಿಮೀಟರ್. ಈ ಅಳತೆಯ ಉತ್ತಮ ದರ್ಜೆಯ ಕೋಶದಲ್ಲಿಯೂ ಸುಮಾರು 3,500 ಮಿಲಿ ಆಂಪಿಯರ್ ಗಂಟೆ ಮಾತ್ರ ಹಿಡಿಯುತ್ತದೆ. ಅಗ್ಗದ ಕೋಶಗಳಲ್ಲಿ ಇದಕ್ಕಿಂತ ಬಹಳ ಕಡಿಮೆ. ಆದ್ದರಿಂದ ಇಂತಹ ಡಬ್ಬಿಯ ಮೇಲೆ 10,000 ಎಂದು ಬರೆದಿದ್ದರೆ ಯಾವ ಪರೀಕ್ಷೆಯೂ ಬೇಕಿಲ್ಲ, ಅದು ಸುಳ್ಳು.

2. ತೂಕ: ಒಂದು 18650 ಕೋಶ ಸುಮಾರು 45ರಿಂದ 48 ಗ್ರಾಂ ತೂಗುತ್ತದೆ. 10,000ಕ್ಕೆ ಉತ್ತಮ ಕೋಶಗಳು ಮೂರಾದರೂ ಬೇಕು. ಹೊದಿಕೆ ಮತ್ತು ಫಲಕವೂ ಸೇರಿದರೆ ತೂಕ 150 ಗ್ರಾಂ ದಾಟುತ್ತದೆ. ಚಪ್ಪಟೆ ಕೋಶಗಳನ್ನು ಬಳಸಿದರೂ ಹೆಚ್ಚಿನ ವ್ಯತ್ಯಾಸವಾಗದು. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ 150 ಗ್ರಾಮಿಗಿಂತ ಕಡಿಮೆ ತೂಗಿದರೆ ಸಂಶಯಪಡಬೇಕು. ತೂಕ ಸರಿಯಾಗಿದ್ದ ಮಾತ್ರಕ್ಕೆ ಒಳ್ಳೆಯದೆಂದು ನಂಬುವಂತಿಲ್ಲ. ಅದರ ಕಾರಣ ಮುಂದೆ ತಿಳಿಯುತ್ತದೆ.

3. ಗುರುತು: ನಮ್ಮ ದೇಶದಲ್ಲಿ ಪವರ್ ಬ್ಯಾಂಕುಗಳನ್ನು 2014ರ ನವೆಂಬರಿನ ಅಧಿಸೂಚನೆಯ ಮೂಲಕ ಕಡ್ಡಾಯ ನೋಂದಣಿಯ ಪಟ್ಟಿಗೆ ಸೇರಿಸಲಾಯಿತು. ಭಾರತೀಯ ಮಾನಕ ಬ್ಯೂರೋದ ಗುರುತಿನ ಜೊತೆಗೆ ಆರ್ ಅಕ್ಷರ ಮತ್ತು ಅದರ ಮುಂದೆ ಎಂಟು ಅಂಕಿಗಳ ನೋಂದಣಿ ಸಂಖ್ಯೆ ವಸ್ತುವಿನ ಮೇಲೆ ಇರಬೇಕು. ಗುರುತನ್ನು ಯಾರು ಬೇಕಾದರೂ ಅಚ್ಚು ಹಾಕಬಹುದಾದ್ದರಿಂದ, ಬ್ಯೂರೋದ ಬಿಐಎಸ್ ಕೇರ್ ಎಂಬ ಆ್ಯಪಿನಲ್ಲಿ ಆ ಸಂಖ್ಯೆಯನ್ನು ಹಾಕಿ ನೋಡಬೇಕು. ತಯಾರಕರ ಹೆಸರು ಮತ್ತು ವಸ್ತುವಿನ ಹೆಸರು ಹೊಂದಿದರೆ ಮಾತ್ರ ಮುಂದುವರಿಯತಕ್ಕದ್ದು.

4. ರಸೀದಿ: ಬಿಲ್ಲು ಇಲ್ಲದೆ ಕೊಳ್ಳಕೂಡದು. ಮುಂದೆ ದೂರು ಕೊಡಬೇಕಾಗಿ ಬಂದರೆ ಬಿಲ್ಲೇ ಆಧಾರ.

ಗಡಿಯಾರದ ಪರೀಕ್ಷೆ

ಇದು ಎಲ್ಲಕ್ಕಿಂತ ಸುಲಭವಾದುದು. ಒಂದು ಇಂಚಿನ ಕೊಳವೆಯಿಂದ ದೊಡ್ಡ ತೊಟ್ಟಿಯೊಂದು ಅರ್ಧ ಗಂಟೆಯಲ್ಲಿ ತುಂಬಿತೆಂದರೆ ಆ ತೊಟ್ಟಿ ಹೇಳಿದಷ್ಟು ದೊಡ್ಡದಲ್ಲ ಎಂದು ಯಾರಿಗಾದರೂ ತಿಳಿಯುತ್ತದೆ. ಪವರ್ ಬ್ಯಾಂಕನ್ನು ಹೀಗೆಯೇ ಅಳೆಯಬಹುದು.

ಮನೆಯಲ್ಲಿರುವ ಹಳೆಯ ಫೋನಿನ ಚಾರ್ಜರನ್ನು ಹುಡುಕಿ ಅದರ ಮೇಲಿನ ಅಚ್ಚನ್ನು ಓದಿ. ಹೊರಗೆ ಬರುವುದು 5 ವೋಲ್ಟ್, 1 ಆಂಪಿಯರ್ ಎಂದು ಬರೆದಿರಬೇಕು. ಇದು ಗಂಟೆಗೆ 5 ವ್ಯಾಟ್-ಗಂಟೆಯಷ್ಟು ಶಕ್ತಿಯನ್ನು ಕೊಡಬಲ್ಲದು. ಅದಕ್ಕಿಂತ ಹೆಚ್ಚಾಗಿ ಕೊಡಲಾರದು. ವೇಗದ ಚಾರ್ಜರುಗಳನ್ನು ಈ ಪರೀಕ್ಷೆಗೆ ಬಳಸಬಾರದು. ಪವರ್ ಬ್ಯಾಂಕಿನಿಂದ ಫೋನು ಚಾರ್ಜು ಮಾಡುತ್ತ, ಅದು ತಾನಾಗಿಯೇ ನಿಲ್ಲುವವರೆಗೂ ಖಾಲಿ ಮಾಡಿ. ಅನಂತರ ಅದನ್ನು ಈ ಚಾರ್ಜರಿಗೆ ಸಿಕ್ಕಿಸಿ ಸಮಯ ಬರೆದುಕೊಳ್ಳಿ. ದೀಪಗಳೆಲ್ಲ ಹತ್ತಿ ತುಂಬಿದ ಸೂಚನೆ ಬಂದಾಗ ಮತ್ತೆ ಸಮಯ ಬರೆದುಕೊಳ್ಳಿ. ನಡುವೆ ಕರೆಂಟು ಹೋದರೆ ಆ ಅವಧಿಯನ್ನು ಕಳೆಯಿರಿ.

37 ವ್ಯಾಟ್-ಗಂಟೆಯ ಕೋಶ ಗಂಟೆಗೆ 5ರಂತೆ ತುಂಬಬೇಕಾದರೆ ಏಳು ಗಂಟೆ ಇಪ್ಪತ್ತು ನಿಮಿಷಕ್ಕಿಂತ ಕಡಿಮೆ ಹಿಡಿಯಲು ಸಾಧ್ಯವಿಲ್ಲ. ತುಂಬುವಾಗಲೂ ಸ್ವಲ್ಪ ಪೋಲಾಗುವುದರಿಂದ ನಿಜವಾಗಿ ಎಂಟು ಗಂಟೆಗಿಂತ ಹೆಚ್ಚೇ ಬೇಕು. 10,000 ಎಂದು ಬರೆದಿರುವ ಪವರ್ ಬ್ಯಾಂಕು ಎರಡೇ ಗಂಟೆಯಲ್ಲಿ ತುಂಬಿತೆಂದರೆ ಅದರೊಳಗೆ ಹೋಗಿರುವುದು 10 ವ್ಯಾಟ್-ಗಂಟೆ ಮೀರದು. ಅಂದರೆ ಒಳಗಿನ ಕೋಶ ಹೆಚ್ಚೆಂದರೆ 2,700ದ್ದು. ಒಟ್ಟಿನಲ್ಲಿ ಈ ಚಾರ್ಜರಿನಿಂದ ಒಂದು ಗಂಟೆಗೆ ಸುಮಾರು 1,350 ಮಿಲಿ ಆಂಪಿಯರ್ ಗಂಟೆಗಿಂತ ಹೆಚ್ಚು ತುಂಬಲಾರದೆಂದು ತಿಳಿದು ಲೆಕ್ಕ ಹಾಕಿರಿ.

ಮೀಟರಿನ ಪರೀಕ್ಷೆ

ಪವರ್ ಬ್ಯಾಂಕಿಗೂ ಕೇಬಲ್ಲಿಗೂ ನಡುವೆ ಸಿಕ್ಕಿಸುವ, ಬೆರಳುದ್ದದ ಯುಎಸ್‌ಬಿ ಮೀಟರುಗಳು ಕೆಲವು ನೂರು ರೂಪಾಯಿಗಳಿಗೆ ದೊರೆಯುತ್ತವೆ. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಬಿಡಿಭಾಗಗಳ ಪೇಟೆಗಳಲ್ಲಿ ಇವನ್ನು ಮಾರುತ್ತಾರೆ. ರೈತ ಸಂಘ ಅಥವಾ ಸ್ವಸಹಾಯ ಗುಂಪು ಒಂದನ್ನು ಕೊಂಡಿಟ್ಟರೆ ಊರಿಗೆಲ್ಲ ಸಾಕಾಗುತ್ತದೆ. ಇದು ನೀರಿನ ಮೀಟರಿನಂತೆ ಹರಿದುಹೋದ ವಿದ್ಯುತ್ತನ್ನು ಕೂಡಿಸುತ್ತ ಹೋಗುತ್ತದೆ.

ಪರೀಕ್ಷೆಯ ಕ್ರಮ ಹೀಗಿದೆ. ಪವರ್ ಬ್ಯಾಂಕನ್ನು ಪೂರ್ತಿ ತುಂಬಿಸಿ ಒಂದು ಗಂಟೆ ಹಾಗೆಯೇ ಬಿಡಿ. ಮೀಟರಿನ ಹಳೆಯ ಅಂಕಿಗಳನ್ನು ಸೊನ್ನೆಗೆ ತಂದು, ಅದರ ಮೂಲಕ ಫೋನನ್ನಾಗಲಿ, ಯುಎಸ್‌ಬಿ ಫ್ಯಾನನ್ನಾಗಲಿ ಜೋಡಿಸಿ. ತೀರ ಸಣ್ಣ ದೀಪವನ್ನು ಜೋಡಿಸಿದರೆ, ಯಾವ ಕೆಲಸವೂ ಇಲ್ಲವೆಂದು ಭಾವಿಸಿ ಹಲವು ಪವರ್ ಬ್ಯಾಂಕುಗಳು ನಡುವೆಯೇ ನಿಂತುಬಿಡುತ್ತವೆ. ಪವರ್ ಬ್ಯಾಂಕು ತಾನಾಗಿ ಆರುವವರೆಗೂ ಬಿಟ್ಟು, ಆರುವ ಮುನ್ನ ಮೀಟರು ತೋರಿಸಿದ ಅಂಕಿಯನ್ನು ಬರೆದುಕೊಳ್ಳಿ. ಕೆಲವು ಮೀಟರುಗಳು ಅಂಕಿಯನ್ನು ನೆನಪಿಟ್ಟುಕೊಳ್ಳುತ್ತವೆ. ಉಳಿದವುಗಳಿಗೆ ಕೊನೆಯ ಹೊತ್ತಿನಲ್ಲಿ ಹತ್ತಿರವಿದ್ದು ನೋಡಬೇಕು. ಪರೀಕ್ಷೆಯ ಉದ್ದಕ್ಕೂ ಪವರ್ ಬ್ಯಾಂಕು ಕಲ್ಲು ಅಥವಾ ಸಿಮೆಂಟಿನ ನೆಲದ ಮೇಲಿರಲಿ.

ಬಂದ ಅಂಕಿಗಳನ್ನು ಈ ಕೆಳಗಿನವುಗಳ ಜೊತೆ ಹೋಲಿಸಿ ನೋಡಿ.

5,000 ಎಂದು ಬರೆದಿದ್ದರೆ: 5 ವ್ಯಾಟ್ ಚಾರ್ಜರಿನಿಂದ ತುಂಬಲು ಕನಿಷ್ಠ 3 ಗಂಟೆ 40 ನಿಮಿಷ, ಹೊರಗೆ ಬರಬೇಕಾದುದು ಕನಿಷ್ಠ 3,000, ಅಂದರೆ 15 ವ್ಯಾಟ್-ಗಂಟೆ.

10,000 ಎಂದು ಬರೆದಿದ್ದರೆ: ತುಂಬಲು ಕನಿಷ್ಠ 7 ಗಂಟೆ 20 ನಿಮಿಷ, ಹೊರಗೆ ಕನಿಷ್ಠ 6,000, ಅಂದರೆ 30 ವ್ಯಾಟ್-ಗಂಟೆ.

20,000 ಎಂದು ಬರೆದಿದ್ದರೆ: ತುಂಬಲು ಕನಿಷ್ಠ 14 ಗಂಟೆ 40 ನಿಮಿಷ, ಹೊರಗೆ ಕನಿಷ್ಠ 12,000, ಅಂದರೆ 60 ವ್ಯಾಟ್-ಗಂಟೆ.

ವೇಗವಾಗಿ ಚಾರ್ಜು ಮಾಡುವ ಪವರ್ ಬ್ಯಾಂಕುಗಳು 9 ಅಥವಾ 12 ವೋಲ್ಟನ್ನೂ ಹೊರಗೆ ಕಳುಹಿಸುತ್ತವೆ. ಸೇರು ಇನ್ನೂ ದೊಡ್ಡದಾದುದರಿಂದ ಆಗ ಮಿಲಿ ಆಂಪಿಯರ್ ಗಂಟೆ ಇನ್ನೂ ಕಡಿಮೆ ಕಾಣುತ್ತದೆ. ಅಂತಹ ಸಂದರ್ಭದಲ್ಲಿ ವ್ಯಾಟ್-ಗಂಟೆಯ ಅಂಕಿಯನ್ನೇ ನೋಡಬೇಕು.

ಮೀಟರು ಇಲ್ಲದವರು ಫೋನಿನಿಂದಲೇ ಅಂದಾಜು ಮಾಡಬಹುದು. 5,000ದ ಬ್ಯಾಟರಿಯುಳ್ಳ ಹೊಸ ಫೋನನ್ನು ಆರಿಸಿಟ್ಟು ಚಾರ್ಜು ಮಾಡಿ, ಪ್ರತಿ ಸಲ ಶೇಕಡ ಎಷ್ಟರಿಂದ ಎಷ್ಟಕ್ಕೆ ಏರಿತೆಂದು ಬರೆದು, ಪವರ್ ಬ್ಯಾಂಕು ಖಾಲಿಯಾಗುವವರೆಗೂ ಕೂಡಿಸಿ. ಒಳ್ಳೆಯ 10,000ದ ಪವರ್ ಬ್ಯಾಂಕಿನಿಂದ ಒಟ್ಟು ಸುಮಾರು 120ರಿಂದ 140 ಬರುತ್ತದೆ. ಎರಡು ಸಲ ಪೂರ್ತಿ ತುಂಬಲಿಲ್ಲವೆಂದು ದೂರುವುದು ಸರಿಯಲ್ಲ. 40ಕ್ಕೇ ನಿಂತರೆ ದೂರುವುದು ಸರಿ. ಹಳೆಯ ಫೋನಿನ ಬ್ಯಾಟರಿ ಸವೆದು ಕಡಿಮೆ ಹಿಡಿಯುವುದರಿಂದ, ಅದರಿಂದ ಪರೀಕ್ಷಿಸಿದರೆ ಪವರ್ ಬ್ಯಾಂಕು ಇರುವುದಕ್ಕಿಂತ ಉತ್ತಮವಾಗಿ ಕಾಣುತ್ತದೆ ಎಂಬುದನ್ನು ಗಮನದಲ್ಲಿಡಿ.

ಬಿಚ್ಚಿ ನೋಡುವ ವಿಧಾನ

ಹೊಸ ಪವರ್ ಬ್ಯಾಂಕು ಪರೀಕ್ಷೆಯಲ್ಲಿ ಸೋತರೆ ಅದನ್ನು ಬಿಚ್ಚದೆ ಬಿಲ್ಲಿನ ಸಹಿತ ಅಂಗಡಿಗೆ ಹಿಂದಿರುಗಿಸಬೇಕು. ಬಿಚ್ಚಿದರೆ ಖಾತರಿ ಹೋಗುತ್ತದೆ. ಅವಧಿ ಮುಗಿದ, ಇನ್ನು ಬಳಸುವುದಿಲ್ಲವೆಂದು ತೀರ್ಮಾನಿಸಿದ ಪವರ್ ಬ್ಯಾಂಕನ್ನು ತಿಳಿವಳಿಕೆಗಾಗಿ ಬಿಚ್ಚಬಹುದು. ಆದರೆ ಉಬ್ಬಿರುವ, ಒದ್ದೆಯಾಗಿರುವ, ನೆಗ್ಗಿರುವ ಅಥವಾ ವಾಸನೆ ಬರುತ್ತಿರುವ ಪವರ್ ಬ್ಯಾಂಕನ್ನು ಯಾವ ಕಾರಣಕ್ಕೂ ಬಿಚ್ಚಕೂಡದು.

ಬಿಚ್ಚುವ ಮುನ್ನ ಅದನ್ನು ಪೂರ್ತಿ ಖಾಲಿ ಮಾಡುವುದು ಮೊದಲ ನಿಯಮ. ಕೋಶದಲ್ಲಿ ಶಕ್ತಿ ಕಡಿಮೆಯಿದ್ದಷ್ಟೂ ಅಪಾಯ ಕಡಿಮೆ. ಬಯಲಿನಲ್ಲಿ, ಹುಲ್ಲು ಕಸವಿಲ್ಲದ ಕಡೆ, ಒಂದು ಬುಟ್ಟಿ ಮರಳನ್ನೂ ಒಂದು ಕೊಡ ನೀರನ್ನೂ ಪಕ್ಕದಲ್ಲಿಟ್ಟುಕೊಂಡು ಕುಳಿತುಕೊಳ್ಳಿ. ಕೈಯ ಉಂಗುರ, ಲೋಹದ ಬಳೆ, ಗಡಿಯಾರಗಳನ್ನು ತೆಗೆದಿಡಿ. ಮಕ್ಕಳನ್ನು ದೂರವಿಡಿ.

ಕೆಲವು ಹೊದಿಕೆಗಳಲ್ಲಿ ಚೀಟಿಯ ಅಡಿಯಲ್ಲಿ ಅಥವಾ ರಬ್ಬರಿನ ಗುಂಡಿಗಳ ಅಡಿಯಲ್ಲಿ ಸಣ್ಣ ಸ್ಕ್ರೂಗಳು ಅಡಗಿರುತ್ತವೆ. ಕೆಲವನ್ನು ಕೊಂಡಿಗಳಿಂದ ಸಿಕ್ಕಿಸಿರುತ್ತಾರೆ. ಇವುಗಳ ಬಿರುಕಿನಲ್ಲಿ ಹಳೆಯ ಪ್ಲಾಸ್ಟಿಕ್ ಕಾರ್ಡನ್ನು ತೂರಿಸಿ ಸುತ್ತಲೂ ನಿಧಾನವಾಗಿ ಬಿಡಿಸಬೇಕು. ಚಾಕು, ಸ್ಕ್ರೂ ಡ್ರೈವರ್ ತುದಿಗಳನ್ನು ಒಳಗೆ ಚುಚ್ಚಬಾರದು. ಚಪ್ಪಟೆ ಕೋಶದ ಮೇಲಿನ ಕವಚ ತೆಳುವಾದ ಹಾಳೆಯಷ್ಟೇ ಇರುತ್ತದೆ. ಅದಕ್ಕೆ ತೂತಾದರೆ ಒಳಗಿನ ಪದರಗಳು ಒಂದಕ್ಕೊಂದು ತಗುಲಿ ಬೆಂಕಿ ಹತ್ತಬಹುದು. ಕೋಶವನ್ನು ಅಂಟಿನಿಂದ ಕೂರಿಸಿದ್ದರೆ ಅದನ್ನು ಕೀಳದೆ ಅಲ್ಲಿಯೇ ನೋಡಿದರೆ ಸಾಕು. ಕೋಶವನ್ನಂತೂ ಬಿಚ್ಚುವ ಮಾತೇ ಇಲ್ಲ.

ಒಳಗೆ ಏನು ಕಾಣುತ್ತದೆ?

ಮೊದಲು ಕೋಶಗಳನ್ನು ಎಣಿಸಿ. ಅಗ್ಗದ ದೊಡ್ಡ ಡಬ್ಬಿಗಳಲ್ಲಿ ನಾಲ್ಕು ಕೋಶಗಳ ಜಾಗವಿದ್ದು ಒಂದೇ ಕೋಶ ಇರುವುದುಂಟು. ತೂಕ ಬರಲೆಂದು ಕಬ್ಬಿಣದ ತುಂಡು ಇಟ್ಟಿರುವ, ಕೋಶದ ಆಕಾರದ ಡಬ್ಬಿಯಲ್ಲಿ ಮರಳು ತುಂಬಿ ಕೂರಿಸಿರುವ ಮೋಸಗಳೂ ಬೆಳಕಿಗೆ ಬಂದಿವೆ. ತಕ್ಕಡಿಯನ್ನಷ್ಟೇ ನಂಬಬಾರದೆಂದು ಮೇಲೆ ಹೇಳಿದ್ದು ಇದಕ್ಕಾಗಿಯೇ. ಹಳೆಯ ಲ್ಯಾಪ್‌ಟಾಪ್ ಬ್ಯಾಟರಿಗಳಿಂದ ಕಿತ್ತ ಕೋಶಗಳಿಗೆ ಹೊಸ ಪ್ಲಾಸ್ಟಿಕ್ ಹೊದಿಕೆ ಸುತ್ತಿ ಮಾರುವುದೂ ಉಂಟು. ಅಂತಹ ಕೋಶಗಳ ಮೇಲೆ ತಯಾರಕರ ಹೆಸರಿರುವುದಿಲ್ಲ. ತುದಿಗಳಲ್ಲಿ ಹಳೆಯ ಬೆಸುಗೆ ಕಿತ್ತ ಗಾಯಗಳು ಕಾಣುತ್ತವೆ.

ಅನಂತರ ಹಸಿರು ಅಥವಾ ನೀಲಿ ಬಣ್ಣದ ಫಲಕವನ್ನು ಗಮನಿಸಿ. ಅದರ ಮೇಲೆ ಎದ್ದು ಕಾಣುವ, ತಾಮ್ರದ ತಂತಿ ಸುತ್ತಿದ ಅಥವಾ ಕಪ್ಪು ಚೌಕದಂತಿರುವ ಭಾಗವೇ ವೋಲ್ಟೇಜನ್ನು ಏರಿಸುವ ಸುರುಳಿ. ಟಿಪಿ4056 ಎಂಬ ಎಂಟು ಕಾಲಿನ ಚಿಪ್ಪು ಕೋಶವನ್ನು 4.2 ವೋಲ್ಟಿನವರೆಗೆ ತುಂಬಿಸಿ ನಿಲ್ಲಿಸುತ್ತದೆ. ಡಿಡಬ್ಲ್ಯು01 ಎಂಬ ಆರು ಕಾಲಿನ ಸಣ್ಣ ಚಿಪ್ಪು ಮತ್ತು ಅದರ ಜೊತೆಗಾರ 8205ಎ, ಇವೆರಡೂ ಕಾವಲುಗಾರರು. ಕೋಶ ಮಿತಿಮೀರಿ ತುಂಬಿದರೆ, ಮಿತಿಮೀರಿ ಬರಿದಾದರೆ, ತಂತಿಗಳು ಒಂದಕ್ಕೊಂದು ತಗುಲಿ ವಿಪರೀತ ಪ್ರವಾಹ ಹರಿದರೆ ಇವು ಸಂಪರ್ಕವನ್ನು ಕಡಿಯುತ್ತವೆ. ಮೋಟಾರು ಸುಡದಂತೆ ಸ್ಟಾರ್ಟರಿನ ಓವರ್‌ಲೋಡ್ ರಿಲೇ ಮಾಡುವ ಕೆಲಸದಂತೆಯೇ ಇದು. ಐಪಿ5306ರಂತಹ ಚಿಪ್ಪುಗಳಲ್ಲಿ ಈ ಎಲ್ಲ ಕೆಲಸಗಳೂ ಒಂದೇ ಕಡೆ ಸೇರಿರುತ್ತವೆ. ಆದ್ದರಿಂದ ಫಲಕದಲ್ಲಿ ಚಿಪ್ಪು ಒಂದೇ ಇದ್ದ ಮಾತ್ರಕ್ಕೆ ಕಾವಲಿಲ್ಲವೆಂದು ತೀರ್ಮಾನಿಸಬಾರದು. ಆದರೆ ಕಾವಲು ಚಿಪ್ಪಿಗೆ ಜಾಗ ಬಿಟ್ಟು ಚಿಪ್ಪನ್ನೇ ಕೂರಿಸದೆ ಇರುವ ಫಲಕ ಕಂಡರೆ, ತಯಾರಕರು ಕೆಲವು ರೂಪಾಯಿ ಉಳಿಸಲು ನಿಮ್ಮ ಮನೆಯನ್ನು ಪಣವಾಗಿಟ್ಟಿದ್ದಾರೆಂದು ತಿಳಿಯಬೇಕು.

ಮಲ್ಟಿಮೀಟರ್ ಇದ್ದವರು ಕೋಶದ ವೋಲ್ಟೇಜನ್ನು ನೋಡಬಹುದು. ಆರಿಹೋದ ಪವರ್ ಬ್ಯಾಂಕಿನ ಕೋಶ 3 ವೋಲ್ಟಿನ ಆಸುಪಾಸಿನಲ್ಲಿದ್ದರೆ ಕಾವಲು ಸರಿಯಾಗಿ ಕೆಲಸ ಮಾಡಿದೆ. 2.5 ವೋಲ್ಟಿಗಿಂತ ಕೆಳಗೆ ಬಹಳ ದಿನ ಉಳಿದ ಕೋಶದಲ್ಲಿ ಒಳಗಿನ ತಾಮ್ರದ ಹಾಳೆ ಕರಗತೊಡಗಿ, ಮತ್ತೆ ಚಾರ್ಜು ಮಾಡಿದಾಗ ಒಳಗೇ ಶಾರ್ಟ್ ಆಗುವ ಸಂಭವವಿದೆ. ಅಂತಹ ಕೋಶವನ್ನು ಮತ್ತೆ ತುಂಬಿಸಕೂಡದು.

ಹಲವು ಕೋಶಗಳಿದ್ದಾಗ ಅವನ್ನು ಸಾಮಾನ್ಯವಾಗಿ ಅಕ್ಕಪಕ್ಕ ಜೋಡಿಸಿ, ಎಲ್ಲದರ ಧನ ತುದಿಗಳನ್ನು ಒಂದು ಪಟ್ಟಿಗೂ ಋಣ ತುದಿಗಳನ್ನು ಇನ್ನೊಂದು ಪಟ್ಟಿಗೂ ಬೆಸೆದಿರುತ್ತಾರೆ. ಇದು ಬುಡದಲ್ಲಿ ಕೊಳವೆಯಿಂದ ಕೂಡಿಸಿದ ತೊಟ್ಟಿಗಳಿದ್ದಂತೆ. ಒಂದು ತೊಟ್ಟಿ ಸೋರಿದರೆ ಎಲ್ಲವೂ ಬರಿದಾಗುತ್ತವೆ. ಹಳೆಯ, ಹೊಂದಾಣಿಕೆಯಿಲ್ಲದ ಕೋಶಗಳನ್ನು ಬೆರೆಸಿದಾಗ ಒಂದು ಕೋಶ ಕೆಟ್ಟು ಒಳಗೆ ಶಾರ್ಟ್ ಆದರೆ ಉಳಿದ ಕೋಶಗಳ ಶಕ್ತಿಯೆಲ್ಲ ಅದಕ್ಕೇ ನುಗ್ಗಿ ಬಿಸಿಯನ್ನು ಹೆಚ್ಚಿಸುತ್ತದೆ.

ಬಿಚ್ಚಿದ ಪವರ್ ಬ್ಯಾಂಕನ್ನು ಮತ್ತೆ ಮುಚ್ಚಿ ಬಳಸಬಾರದು. ಕೋಶಕ್ಕೆ ನೇರವಾಗಿ ಕಾದ ಬೆಸುಗೆ ಕಡ್ಡಿ ತಾಗಿಸುವುದು, ಕೋಶವನ್ನು ಕಿತ್ತು ಟಾರ್ಚಿಗೆ ಅಥವಾ ಬೇಲಿಯ ಝಟಕಾ ಯಂತ್ರಕ್ಕೆ ಜೋಡಿಸುವುದು ಅಪಾಯಕರ.

ಬೆಂಕಿಯ ಅಪಾಯ ಮತ್ತು ಮುನ್ನೆಚ್ಚರಿಕೆ

ಕೋಶದೊಳಗಿನ ದ್ರವ ಸುಲಭವಾಗಿ ಹೊತ್ತಿಕೊಳ್ಳುವಂಥದು. ಒಂದು ಮಿತಿ ಮೀರಿ ಬಿಸಿಯಾದರೆ ಒಳಗಿನ ರಾಸಾಯನಿಕ ಕ್ರಿಯೆಗಳೇ ಇನ್ನಷ್ಟು ಬಿಸಿಯನ್ನು ಹುಟ್ಟಿಸಿ, ಕೆಲವೇ ಕ್ಷಣಗಳಲ್ಲಿ ಹೊಗೆ, ಬೆಂಕಿ ಚಿಮ್ಮುತ್ತದೆ. 2025ರ ಜನವರಿ 28ರಂದು ದಕ್ಷಿಣ ಕೊರಿಯಾದ ಬೂಸಾನ್ ನಗರದ ವಿಮಾನ ನಿಲ್ದಾಣದಲ್ಲಿ ಹೊರಡಲು ನಿಂತಿದ್ದ ವಿಮಾನವೊಂದು ಹೊತ್ತಿ ಉರಿಯಿತು. ಸಾಮಾನಿನ ಗೂಡಿನಲ್ಲಿದ್ದ ಪವರ್ ಬ್ಯಾಂಕಿನಿಂದ ಬೆಂಕಿ ಹುಟ್ಟಿರಬಹುದೆಂದು ತನಿಖೆಯವರು ತಿಳಿಸಿದರು. ಹುಲ್ಲಿನ ಬಣವೆ, ಹತ್ತಿಯ ರಾಶಿ, ಕೊಬ್ಬರಿಯ ಅಟ್ಟ, ದನದ ಕೊಟ್ಟಿಗೆಗಳಿರುವ ನಮ್ಮ ಮನೆಗಳಲ್ಲಿ ಇಂತಹ ಬೆಂಕಿ ಏನು ಮಾಡಬಲ್ಲದೆಂಬುದನ್ನು ಹೇಳಬೇಕಾಗಿಲ್ಲ. ಆದ್ದರಿಂದ ಈ ಕೆಳಗಿನವುಗಳನ್ನು ತಪ್ಪದೆ ಪಾಲಿಸಬೇಕು.

1. ರಾತ್ರಿ ಮಲಗಿದಾಗ ಚಾರ್ಜಿಗೆ ಹಾಕಿ ಬಿಡಬಾರದು. ದಿಂಬು, ಹಾಸಿಗೆ, ಬಟ್ಟೆಯ ಗಂಟುಗಳ ಮೇಲೆ ಇಡಬಾರದು.

2. ಬಿಸಿಲಿನಲ್ಲಿ ನಿಂತ ಟ್ರ್ಯಾಕ್ಟರಿನ ಮೇಲೆ, ತಗಡಿನ ಮಾಡಿನ ಅಡಿಯಲ್ಲಿ, ಒಲೆಯ ಹತ್ತಿರ ಇಡಬಾರದು. ಸುತ್ತಲಿನ ಉಷ್ಣತೆ 45 ಡಿಗ್ರಿ ಸೆಲ್ಸಿಯಸ್ ಮೀರಿದ ಕಡೆ ಚಾರ್ಜು ಮಾಡಬಾರದು.

3. ಬಣವೆ, ಹತ್ತಿ, ಡೀಸೆಲ್, ಔಷಧಿ ಡಬ್ಬಿಗಳಿರುವ ಕೋಣೆಯಲ್ಲಿ ಚಾರ್ಜು ಮಾಡಬಾರದು.

4. ಬಳಸದೆ ಇಡುವಾಗ ಅರ್ಧದಷ್ಟು ತುಂಬಿಸಿ ತಂಪಾದ ಜಾಗದಲ್ಲಿಡಿ. ಕೆಲವು ತಿಂಗಳಿಗೊಮ್ಮೆ ನೋಡಿ ಮತ್ತೆ ತುಂಬಿಸಿ.

5. ಉಬ್ಬು ಕಂಡರೆ, ಮುಟ್ಟಲಾರದಷ್ಟು ಬಿಸಿಯಾದರೆ, ಬುಸುಗುಟ್ಟುವ ಸದ್ದು ಅಥವಾ ವಿಚಿತ್ರ ವಾಸನೆ ಬಂದರೆ ಬಳಕೆ ನಿಲ್ಲಿಸಿ.

ಹೊಗೆ ಬರತೊಡಗಿದರೆ ಮೊದಲು ಮೇನ್ ಸ್ವಿಚ್ಚನ್ನು ಆರಿಸಿ, ಜನರನ್ನೂ ದನಕರುಗಳನ್ನೂ ಹೊರಗೆ ಕಳುಹಿಸಿ. ಹೊಗೆ ವಿಷಕಾರಿಯಾದುದರಿಂದ ಉಸಿರಾಡಬೇಡಿ, ಕೈಯಿಂದ ಎತ್ತಬೇಡಿ. ಸ್ವಿಚ್ಚು ಆರಿಸಿದ ಮೇಲೆ ದೂರದಿಂದ ಧಾರಾಳವಾಗಿ ನೀರು ಸುರಿದು ಕೋಶವನ್ನು ತಣ್ಣಗೆ ಮಾಡುವುದು ಪರಿಣಾಮಕಾರಿ. ಉರಿ ಆರಿದ ಮೇಲೂ ಮತ್ತೆ ಹೊತ್ತಿಕೊಳ್ಳಬಹುದಾದ್ದರಿಂದ ಕೆಲವು ಗಂಟೆ ಕಣ್ಣಿಟ್ಟಿರಿ. ಬೆಂಕಿ ಹರಡಿದರೆ 112ಕ್ಕೆ ಕರೆ ಮಾಡಿ.

ಕೆಟ್ಟುದನ್ನು ಏನು ಮಾಡಬೇಕು?

ಕೆಟ್ಟ ಪವರ್ ಬ್ಯಾಂಕನ್ನು ತಿಪ್ಪೆಗೆ ಎಸೆಯುವುದು, ಕಸದ ಜೊತೆ ಸುಡುವುದು, ಹೊಲದಲ್ಲಿ ಹೂಳುವುದು ಸಲ್ಲದು. ತಿಪ್ಪೆಯ ಗೊಬ್ಬರದ ಜೊತೆ ಅದು ಹೊಲಕ್ಕೆ ಹೋಗಿ, ಕುಂಟೆಯ ಅಥವಾ ರೋಟವೇಟರಿನ ಅಲಗಿಗೆ ಸಿಕ್ಕಿ ಒಡೆಯಬಹುದು. ಒಳಗಿನ ಲೋಹಗಳು ಮತ್ತು ರಾಸಾಯನಿಕಗಳು ಮಣ್ಣಿಗೆ ಸೇರುತ್ತವೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಸಿದ ಬ್ಯಾಟರಿಗಳನ್ನು ಹಿಂದಕ್ಕೆ ಪಡೆದು ಮರುಬಳಕೆಗೆ ಒಪ್ಪಿಸುವ ಹೊಣೆ ತಯಾರಕರದು. ಲೋಹದ ತುದಿಗಳಿಗೆ ಅಂಟು ಪಟ್ಟಿ ಸುತ್ತಿ, ಪೇಟೆಗೆ ಹೋದಾಗ ಇ-ತ್ಯಾಜ್ಯ ಸಂಗ್ರಹಿಸುವ ಕೇಂದ್ರಕ್ಕೆ ಅಥವಾ ತಯಾರಕರ ಸರ್ವಿಸ್ ಕೇಂದ್ರಕ್ಕೆ ಕೊಡಿ.

ಲೆಕ್ಕಾಚಾರ

ಬೆಲೆಯನ್ನು ಡಬ್ಬಿಗಿಷ್ಟು ಎಂದು ನೋಡದೆ, ಹೊರಗೆ ದೊರೆಯುವ ಪ್ರತಿ ವ್ಯಾಟ್-ಗಂಟೆಗೆ ಎಷ್ಟು ಬಿತ್ತು ಎಂದು ನೋಡಿದರೆ ನಿಜ ತಿಳಿಯುತ್ತದೆ. ಉದಾಹರಣೆಗೆ, 300 ರೂಪಾಯಿಯ ಪವರ್ ಬ್ಯಾಂಕಿನೊಳಗೆ 2,000ದ ಒಂದೇ ಕೋಶವಿದೆಯೆಂದು ಇಟ್ಟುಕೊಳ್ಳಿ. ಅದರಿಂದ ಹೊರಗೆ ಬರುವುದು ಸುಮಾರು 6 ವ್ಯಾಟ್-ಗಂಟೆ. ಅಂದರೆ ವ್ಯಾಟ್-ಗಂಟೆಗೆ 50 ರೂಪಾಯಿ. 30 ವ್ಯಾಟ್-ಗಂಟೆ ಕೊಡುವ ಪ್ರಾಮಾಣಿಕ ಪವರ್ ಬ್ಯಾಂಕಿಗೆ 1,200 ರೂಪಾಯಿ ಕೊಟ್ಟರೂ ವ್ಯಾಟ್-ಗಂಟೆಗೆ ಬೀಳುವುದು 40 ರೂಪಾಯಿ. ಅಗ್ಗವೆಂದು ಕೊಂಡುದೇ ದುಬಾರಿಯಾಯಿತು. ಇದರಲ್ಲಿ ಬೆಂಕಿಯ ಅಪಾಯವನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಮೋಸ ಹೋದವರು ಸುಮ್ಮನಿರಬೇಕಾಗಿಲ್ಲ. ಬಿಲ್ಲು, ಹೊದಿಕೆಯ ಚಿತ್ರ, ಗಡಿಯಾರದ ಮತ್ತು ಮೀಟರಿನ ಪರೀಕ್ಷೆಗಳ ಅಂಕಿಗಳನ್ನು ದಿನಾಂಕ ಸಹಿತ ಬರೆದಿಟ್ಟುಕೊಂಡು ಮೊದಲು ಅಂಗಡಿಯವರನ್ನು ಕೇಳಿ. ಅವರು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಜಿಲ್ಲಾ ಗ್ರಾಹಕರ ಆಯೋಗಕ್ಕೂ ದೂರು ಕೊಡಬಹುದು. ಸುಳ್ಳು ನೋಂದಣಿ ಸಂಖ್ಯೆ ಕಂಡರೆ ಬಿಐಎಸ್ ಕೇರ್ ಆ್ಯಪಿನ ಮೂಲಕವೇ ತಿಳಿಸಬಹುದು.

ಮಳೆಗಾಲ ಆರಂಭವಾಗುವ ಮುನ್ನ ಒಂದು ಬಿಡುವಿನ ದಿನ, ಮನೆಯಲ್ಲಿರುವ ಪವರ್ ಬ್ಯಾಂಕನ್ನು ಖಾಲಿ ಮಾಡಿ, 5 ವ್ಯಾಟಿನ ಹಳೆಯ ಚಾರ್ಜರಿಗೆ ಹಾಕಿ ಬೆಳಗಿನಿಂದ ಗಡಿಯಾರ ನೋಡಿ. ಬಂದ ಗಂಟೆಗಳನ್ನು 1,350ರಿಂದ ಗುಣಿಸಿ, ಹೊದಿಕೆಯ ಅಂಕಿಯ ಜೊತೆ ಹೋಲಿಸಿ. ಗುಣಿಸಿದ್ದು ಆ ಅಂಕಿಗಿಂತ ಕಡಿಮೆ ಬಂದರೆ ಆ ಅಂಕಿ ಸುಳ್ಳು. ಅಂತಹುದನ್ನು ಬಿಟ್ಟು, ನೋಂದಣಿ ಸಂಖ್ಯೆ ಹೊಂದುವ ಬೇರೊಂದನ್ನು ಬಿಲ್ಲಿನೊಡನೆ ಕೊಂಡು, ಅದನ್ನೂ ಇದೇ ಕ್ರಮದಲ್ಲಿ ಪರೀಕ್ಷಿಸಿ ಇಟ್ಟುಕೊಳ್ಳಿ.